ಹೆರನ್ ಸರೋವರದ ಯಜಮಾನಿ

ಎರಡು ಪೈನ್ ಮರಗಳ ನಡುವೆ ಬಿಗಿದ ಹಗ್ಗದ ಮೇಲೆ ಆ ಮುದುಕನ ಒಳಚಡ್ಡಿಗಳು ಒಣಗುತ್ತಿದ್ದವು. ನೋಡಬಾರದು ಅಂದುಕೊಂಡೇ ಆರ್ಡಿತ್ ಬೆಳಗಿನಿಂದ ಅದೇ ದಾರಿಯಲ್ಲಿ ಹಿಂದೆ ಮುಂದೆ ಓಡಾಡಿದ್ದಳು. ಕೈಯಲ್ಲಿ ಬೂದಿ ಎತ್ತುವ ಸಲಿಕೆ, ಬಕೆಟ್ಟು; ಮೈಮೇಲೆ, ಬೆನ್ನಿಗೆ ‘ಕ್ಯಾಂಪ್ ಹೋಸ್ಟ್’ ಎಂದು ದಪ್ಪಕ್ಷರದಲ್ಲಿ ಬರೆದ ಹಸಿರು ಅಂಗಿ. ತೊಳೆದೂ ತೊಳೆದೂ ಬೂದುಬಣ್ಣಕ್ಕೆ ತಿರುಗಿದ್ದ ಆ ಬಟ್ಟೆಗಳು ಗಾಳಿ ಬಂದಾಗ ಉಬ್ಬಿ, ಒಳಗೆ ಯಾರೋ ಇದ್ದಾರೇನೋ ಎಂಬಂತೆ ಆಕಾರ ತಾಳಿ, ಮರುಕ್ಷಣ ಸೋತು ಇಳಿಬೀಳುತ್ತಿದ್ದವು. ಅವು ಅಲ್ಲಿದ್ದುವೆಂದು ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ಒಣಹಾಕಿದ ಅವನ ಮಗಳಿಗೆ ನಾಚಿಕೆಯಾಗಲಿಲ್ಲವಲ್ಲ, ಅದು ಸಹಿಸಲಾಗುತ್ತಿರಲಿಲ್ಲ. ಇಷ್ಟು ಬೇಸಿಗೆಗಳನ್ನು ಜನ ಟೆಂಟು ಹಾಕಿ ತಂಗುವ ಇಂಥ ಪಾರ್ಕುಗಳಲ್ಲಿ ಕಳೆದಿದ್ದರೂ ಆರ್ಡಿತ್ ಒಂದು ದಿನ ತನ್ನ ಬಟ್ಟೆಯನ್ನು ಹೊರಗೆ ಹಾಕಿದವಳಲ್ಲ. ತಾವಿರುವ ಗಾಲಿಮನೆ, ಆ ಟ್ರೇಲರಿನ ಒಳಗೆ ಒಲೆಯ ಮೇಲೆ ದಾರ ಕಟ್ಟಿ, ಕಿಟಕಿಯ ಪರದೆ ಎಳೆದು ಒಣಗಿಸುತ್ತಿದ್ದಳು. ಗಂಡ ಮರ್ಲ್‌ನ ಅಂಗಿಗಳಿಗೆಲ್ಲ ಹುರಿದ ಈರುಳ್ಳಿಯ ವಾಸನೆ. ರಜೆಗೆ ಬಂದವರು ಟವೆಲ್ಲು ಒಣಹಾಕುತ್ತಾರೆ, ಈಜುಡುಗೆ ಒಣಹಾಕುತ್ತಾರೆ. ಒಳಚಡ್ಡಿ ಒಣಹಾಕುವವರು ರಜೆಗೆ ಬಂದವರಲ್ಲ. ಪಾರ್ಕಿನ ಯಾವ ಫಲಕದಲ್ಲೂ ಇದನ್ನು ಬರೆದಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು.

“ಆರ್ಡಿತ್, ಒಂದ್ನಿಮಿಷ ಬನ್ನಿ ಇಲ್ಲಿ” ಎಂದು ಡಾನಾ ಕರೆದಳು. ಪ್ರತಿ ಜುಲೈನಲ್ಲೂ ಗಂಡ, ಎರಡು ನಾಯಿಗಳ ಜೊತೆ ಬಸ್ಸಿನಷ್ಟು ಉದ್ದದ ಮೋಟರ್‌ಹೋಮಿನಲ್ಲಿ ಬಂದಿಳಿಯುವ ಹೆಂಗಸು. ಕಾಫಿ ಲೋಟ ಹಿಡಿದು ಮಡಚು ಕುರ್ಚಿಯಲ್ಲಿ ಕೂತಿದ್ದಳು. ಇನ್ನೊಂದು ಕುರ್ಚಿ ಖಾಲಿಯಿತ್ತು, ಆದರೆ ಕೂತುಕೊಳ್ಳಿ ಎನ್ನಲಿಲ್ಲ. “ನಿನ್ನೆ ನಾನು ಸ್ನಾನದ ಮನೇಲಿದ್ದೆ. ಆ ಅಜ್ಜ ಸೀದಾ ಒಳಗೆ ಬಂದ್ಬಿಟ್ಟ. ಹೆಂಗಸರ ಕಡೆಗೆ! ಪ್ಯಾಂಟಿನ ಗುಂಡಿ ಬೇರೆ ಬಿಚ್ಚಿತ್ತು.”

“ಅವರಿಗೆ ಸ್ವಲ್ಪ ಮರೆವು, ಡಾನಾ.”

“ನನಗೂ ಕನಿಕರ ಇದೆ ಕಣ್ರೀ. ನಮ್ಮತ್ತೆಗೂ ಹಾಗೇ ಆಗಿತ್ತು. ಒಳ್ಳೇ ಕಡೆ ಸೇರಿಸಿದ್ವಿ, ಟೆಂಟಲ್ಲಿ ಇಟ್ಕೊಂಡಿರಲಿಲ್ಲ.” ಡಾನಾ ದನಿ ತಗ್ಗಿಸಿದಳು. “ಅವರು ಕ್ಯಾಂಪಿಂಗ್ ಮಾಡ್ತಿಲ್ಲ ಆರ್ಡಿತ್. ಇಲ್ಲೇ ಬದುಕ್ತಿದ್ದಾರೆ. ನಿಮಗೆ ವ್ಯತ್ಯಾಸ ಗೊತ್ತಾಗಲ್ವಾ?”

“ಗೊತ್ತಾಗತ್ತೆ” ಎಂದಳು ಆರ್ಡಿತ್. ಎಂದ ಮೇಲೆ ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಬೂದಿ ಹಗುರ ಎನ್ನುತ್ತಾರೆ. ಬಕೆಟ್ಟು ತುಂಬಿದರೆ ಮೊಣಕೈ ಜಗ್ಗುತ್ತದೆ. ‘ಎಂಥಾ ಅದೃಷ್ಟ ನಿಮ್ಮದು, ಬೇಸಿಗೆ ಪೂರ್ತಿ ಸರೋವರದ ಪಕ್ಕ’ ಎಂದು ಇದೇ ಡಾನಾ ಮೊನ್ನೆ ಹೇಳಿದ್ದಳು, ಆರ್ಡಿತ್ ಹೂಂ ಅಂದಿದ್ದಳು. ಹೂಂ ಅನ್ನುವುದು ಈಗ ಅಭ್ಯಾಸವಾಗಿತ್ತು. ಮೊದಲ ಸಲ ಅಂದದ್ದು ತಮ್ಮ ಹಳೇ ಬೀದಿಯವರು ಕೊಟ್ಟ ಬೀಳ್ಕೊಡುಗೆಯ ದಿನ. ಮರ್ಲ್‌ನ ದೋಣಿ ರಿಪೇರಿಯ ಅಂಗಡಿ ಮುಚ್ಚಿ, ಅವನ ಎದೆ ಕೊಯ್ದು ಹೊಲಿದು, ಆಮೇಲೆ ಮನೆ ಬ್ಯಾಂಕಿನವರ ಪಾಲಾಗಿತ್ತು. ಬೀದಿಗೆ ಮಾತ್ರ ‘ಮಾರಿಬಿಟ್ಟೆವು, ಸಾಕಾಯಿತು ಹುಲ್ಲು ಕತ್ತರಿಸಿ, ಇನ್ನು ಊರೂರು ಸುತ್ತುತ್ತೇವೆ’ ಎಂದು ಹೇಳಿದ್ದರು. ಎದುರುಮನೆಯವಳು ಕೇಕು ಮಾಡಿಸಿದ್ದಳು. ಕೇಕಿನ ಮೇಲೆ ಸಕ್ಕರೆಯ ಪುಟ್ಟ ಟ್ರೇಲರು, ಅದಕ್ಕೆ ಕಪ್ಪು ಚಾಕಲೇಟಿನ ಗಾಲಿಗಳು, ಕೆಳಗೆ ನೀಲಿ ಅಕ್ಷರದಲ್ಲಿ ‘ಕೊನೆಗೂ ಸ್ವತಂತ್ರರು!’ ಎಲ್ಲರೂ ಚಪ್ಪಾಳೆ ತಟ್ಟಿದರು. ಆರ್ಡಿತ್ ಚಾಕು ಹಿಡಿದು ಸರಿಯಾಗಿ ಗಾಲಿಯ ಮೇಲೇ ಕೊಯ್ದಳು, ಮರ್ಲ್ ತಲೆ ತಗ್ಗಿಸಿ ಒಂದು ತುಂಡು ಪೂರ್ತಿ ತಿಂದ, ಸಕ್ಕರೆ ತಿನ್ನಬಾರದೆಂದು ಡಾಕ್ಟರು ಹೇಳಿದ್ದರೂ. ಮರುವರ್ಷದಿಂದ ಬೇಸಿಗೆಯಲ್ಲಿ ಇಲ್ಲಿ, ಚಳಿಗಾಲದಲ್ಲಿ ದಕ್ಷಿಣದ ಯಾವುದಾದರೂ ಪಾರ್ಕು. ಕಸ ಗುಡಿಸುವುದಕ್ಕೆ, ಬಂದವರಿಗೆ ದಾರಿ ತೋರಿಸುವುದಕ್ಕೆ ಬದಲಾಗಿ ಟ್ರೇಲರು ನಿಲ್ಲಿಸಲು ಜಾಗ, ನೀರು, ವಿದ್ಯುತ್ತು. ಬಂದವರು ಎರಡು ವಾರಕ್ಕಿಂತ ಹೆಚ್ಚು ಇರುವಂತಿಲ್ಲ. ಹೋಸ್ಟ್‌ಗಳಿಗೆ ಆ ಮಿತಿ ಇಲ್ಲ. ಅವಳಿಗೂ ಆ ಟೆಂಟಿನವರಿಗೂ ಇದ್ದ ವ್ಯತ್ಯಾಸ ಅದೇ. ಡಾನಾ ಅದನ್ನೇ ಕೇಳಿದ್ದಳೇನೋ.

ಪಾರ್ಕು ನೋಡಿಕೊಳ್ಳುವ ರೇಂಜರ್ ಟ್ರೆಂಟ್ ಬಂದಾಗ ಅವಳು ನೀರಿನ ನಲ್ಲಿಯ ಹತ್ತಿರ ಬಕೆಟ್ಟು ತೊಳೆಯುತ್ತಿದ್ದಳು. ಮಗಳಿಗಿಂತಲೂ ಚಿಕ್ಕವನಾಗಿರಬಹುದಾದ ಹುಡುಗ, ಕೆನ್ನೆಯ ಮೇಲೆ ಇನ್ನೂ ಮೊಡವೆ. ಗಾಡಿಯಿಂದ ಇಳಿದು ಟೋಪಿ ತೆಗೆದೇ ಮಾತಾಡುತ್ತಿದ್ದ.

“ಮೇಡಂ, ಆ ನೀಲಿ ಟೆಂಟಿನೋರದ್ದು ಇವತ್ತಿಗೆ ಅವಧಿ ಮುಗೀತು. ಟೆಂಟು ಹಾಕಿರೋ ಆ ಸೈಟು ಬೇರೆಯೋರಿಗೆ ಕೊಟ್ಟಾಗಿದೆ, ಸಂಜೆ ಬರ್ತಾರೆ.”

“ಗೊತ್ತು.”

“ಆ ಅಜ್ಜನ ಮಗಳು ನಿನ್ನೆ ಕಚೇರೀಲಿ ನನ್ನ ಕೇಳಿದ್ರು. ಶುಕ್ರವಾರ ಆದ್ರಿಂದ ಸುತ್ತಮುತ್ತ ಯಾವ ಪಾರ್ಕಲ್ಲೂ ಜಾಗ ಇಲ್ವಂತೆ. ಸೋಮವಾರದವರೆಗೆ ಇರ್ತೀವಿ ಅಂತಾರೆ.” ಅವನು ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತಿಸಿದ. “ನಿಮ್ಮ ಪಕ್ಕದ್ದು, ತುರ್ತಿಗೆ ಅಂತ ಇಟ್ಟಿರೋ ಸೈಟಿದೆಯಲ್ಲ. ಅದನ್ನ ಕೊಡಬಹುದು. ಆದ್ರೆ ನಿಮ್ಮ ಕಿಟಕಿ ಪಕ್ಕದಲ್ಲೇ ಆಗತ್ತೆ. ದೂರು ಬೇರೆ ಬಂದಿದೆ. ನಿಮಗೆ ಕಷ್ಟ ಆಗಲ್ಲ ಅಂದ್ರೆ ಕೊಡೋಣ, ಬೇಡ ಅಂದ್ರೆ ಬೇಡ. ನಿಮ್ಮ ಇಷ್ಟ.”

“ಆಕೆ ಕೆಲಸದಿಂದ ಬರಲಿ. ಮಾತಾಡಿ ಹೇಳ್ತೀನಿ.”

“ಥ್ಯಾಂಕ್ಸ್ ಮೇಡಂ. ನಿಮ್ಮಂಥೋರು ಇರೋದ್ರಿಂದಾನೇ ನಡೀತಿದೆ ಇದು.”

ಆ ಮಾತು ಅವಳಿಗೆ ಬೇಕಿತ್ತು. ಅದು ಬೇಕಾಗುತ್ತದೆಂಬುದೇ ಅವಮಾನವೆನಿಸಿ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ಕೊಡೋಣ, ಯಾಕೆ ಕೊಡಬಾರದು, ಎಂದೇ ಆಗ ಅವಳ ಮನಸ್ಸಿನಲ್ಲಿದ್ದದ್ದು. ಮುದುಕನನ್ನು ಕಂಡರೆ ಅವಳಿಗೆ ಬೇಸರವಿರಲಿಲ್ಲ. ಹಾರ್ಲನ್ ಅವನ ಹೆಸರು. ಮಗಳು ರೊಶೆಲ್ ಬೆಳಕು ಹರಿಯುವ ಮುಂಚೆ ಪಟ್ಟಣದ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಬರುವವರೆಗೂ ಮುದುಕ ಮರದ ಮೇಜಿನ ಮುಂದೆ ಇಸ್ತ್ರಿಯಿಲ್ಲದ ಬಿಳಿ ಅಂಗಿ ಹಾಕಿಕೊಂಡು, ರೈಲಿಗೆ ಕಾಯುವವನ ಹಾಗೆ ನೆಟ್ಟಗೆ ಕೂತಿರುತ್ತಿದ್ದ. ಹಿಂದೆ ಕ್ಷೌರದಂಗಡಿ ನಡೆಸುತ್ತಿದ್ದನಂತೆ. ಯಾರು ಬಂದರೂ ಮೊದಲು ತಲೆ ನೋಡುತ್ತಿದ್ದ. ಆರ್ಡಿತ್ ಹೋಸ್ಟ್ ಎಂದು ಮಗಳು ಹೇಳಿದ್ದನ್ನು ಅವನು ತನಗೆ ತಿಳಿದ ಅರ್ಥದಲ್ಲಿ ತೆಗೆದುಕೊಂಡಿದ್ದ. ಈ ಕಾಡು, ನೀರು, ಮೇಜು ಎಲ್ಲ ಅವಳದು. ತಾವು ಅವಳ ಅತಿಥಿಗಳು. ಅವಳು ಹಾದುಹೋದಾಗಲೆಲ್ಲ ಅರ್ಧ ಎದ್ದು ನಿಲ್ಲುತ್ತಿದ್ದ. “ಯಜಮಾನೀ, ಒಳ್ಳೇ ಜಾಗ ಇಟ್ಕೊಂಡಿದೀರಿ. ನಮ್ಮಾಕೆಗೂ ತೋರಿಸಬೇಕು, ಆಕೆ ಅಂಗಡಿಗೆ ಹೋಗಿದಾಳೆ.” ಆಕೆ ಸತ್ತು ಎಷ್ಟು ವರ್ಷವಾಗಿತ್ತೋ. ಒಮ್ಮೆ ಆರ್ಡಿತ್ ಒಂದು ಬಟ್ಟಲು ಮ್ಯಾಕರೋನಿ ತಂದುಕೊಟ್ಟಿದ್ದಳು. ಅವನು ಚಮಚವನ್ನು ಕರವಸ್ತ್ರದಲ್ಲಿ ಒರೆಸಿ ತಿಂದ, ಬಟ್ಟಲನ್ನು ತಾನೇ ನಲ್ಲಿಗೆ ಒಯ್ದು ತೊಳೆದ. ಇನ್ನೊಮ್ಮೆ, ಬುಧವಾರವಿರಬೇಕು, ಅವನ ಬೆಂಚಿನ ಕೆಳಗೆ ಮಣ್ಣು ಒದ್ದೆಯಾಗಿದ್ದುದನ್ನು ಅವಳು ದೂರದಿಂದ ಕಂಡಿದ್ದಳು. ಮುದುಕ ಎರಡು ಕೈಯನ್ನೂ ಮಡಿಲಲ್ಲಿಟ್ಟು ಮುಚ್ಚಿಕೊಂಡು, ಯಾರಾದರೂ ಬಂದಾರೆಂದು ಆ ಕಡೆ ಈ ಕಡೆ ನೋಡುತ್ತಿದ್ದ. ಅವಳು ದಾರಿ ಬದಲಿಸಿ ದೋಣಿಕಟ್ಟೆಯ ಕಡೆಯಿಂದ ಸುತ್ತಿಕೊಂಡು ಹೋದಳು. ಅವನ ಮಾನ ಕಾಯಲಿಕ್ಕೆಂದೇ ಹೋದೆ ಎಂದು ತನಗೆ ತಾನೇ ಹೇಳಿಕೊಂಡಳು. ದೋಣಿಕಟ್ಟೆಯಲ್ಲಿ ನಿಂತು ಬಾತುಕೋಳಿಗಳನ್ನು ನೋಡುತ್ತ ಮಗಳ ಗಾಡಿಯ ಸದ್ದು ಕೇಳುವವರೆಗೂ ಅಲ್ಲೇ ಉಳಿದಿದ್ದಳು.

ಮಧ್ಯಾಹ್ನದ ಹೊತ್ತಿಗೆ ಪಾರ್ಕು ತುಂಬತೊಡಗಿತು. ಸೈಕಲ್ಲುಗಳನ್ನು ಬೆನ್ನಿಗೆ ಕಟ್ಟಿಕೊಂಡ ಗಾಡಿಗಳು, ಟ್ರೇಲರನ್ನು ಹಿಂದಕ್ಕೆ ತಳ್ಳಲಾರದೆ ಹೆಂಡತಿಯ ಮೇಲೆ ರೇಗುವ ಗಂಡಂದಿರು, ಇದ್ದಿಲ ಹೊಗೆ, ಸಾಸೇಜು ಸುಡುವ ವಾಸನೆ. ರೊಶೆಲ್ ಬಂದಾಗ ಆರ್ಡಿತ್ ಅವಳಿಗಾಗಿಯೇ ಕಾಯುತ್ತಿದ್ದಳು. ನಲವತ್ತು ದಾಟಿದ ಹೆಂಗಸು, ಬಿಸಿನೀರಿನಲ್ಲಿ ಬೆಂದು ಕೆಂಪಗಾದ ಮುಂಗೈ, ಕಣ್ಣ ಕೆಳಗೆ ನೆರಳು. ಗಾಡಿಯ ಬಾಗಿಲನ್ನೂ ಹಾಕದೆ ಮೊದಲು ಅಪ್ಪನ ಬಳಿ ಹೋಗಿ, ಬೆಂಚನ್ನು ಕೈಯಿಂದ ಮುಟ್ಟಿ ನೋಡಿ, ಆಮೇಲೆ ತಿರುಗಿದಳು.

“ಹೇಳಿದ್ರಾ ಮೇಡಂ ರೇಂಜರ್?”

“ಹೇಳಿದ. ಅದಕ್ಕೆ ಮುಂಚೆ ಒಂದು ಮಾತು.” ಆರ್ಡಿತ್ ತನ್ನ ದನಿ ಹಿಂದೆ ಕೆಲಸ ಮಾಡುತ್ತಿದ್ದ ಶಾಲೆಯ ಕಚೇರಿಯಲ್ಲಿ ತಡವಾಗಿ ಬಂದ ಮಕ್ಕಳನ್ನು ಕೇಳುತ್ತಿದ್ದ ಹಳೆಯ ದನಿಗೆ ತಿರುಗಿದ್ದನ್ನು ತಾನೇ ಕೇಳಿಸಿಕೊಂಡಳು. ಆ ದನಿಯನ್ನು ಎಷ್ಟು ವರ್ಷವಾಗಿತ್ತು ಉಪಯೋಗಿಸಿ. “ಆ ಬಟ್ಟೆ ತೆಗೀಬೇಕು. ನೋಡಕ್ಕೆ ಚೆನ್ನಾಗಿರಲ್ಲ. ಸಂಸಾರಸ್ಥರು ಬರೋ ಜಾಗ ಇದು.”

“ತೆಗೀತೀನಿ.”

“ಅಪ್ಪ ಹೆಂಗಸರ ಸ್ನಾನದ ಮನೆಗೆ ಹೋಗಿದ್ರು. ದೂರು ಬಂದಿದೆ. ಇಡೀ ದಿನ ಒಬ್ರನ್ನೇ ಬಿಟ್ಟು ಹೋಗೋದು ಸರೀನಾ ನೀನೇ ಹೇಳು.”

ರೊಶೆಲ್ ಹಗ್ಗದಿಂದ ಬಟ್ಟೆ ಎಳೆಯುತ್ತಿದ್ದವಳು ನಿಂತಳು. ಎದುರಿನ ಸೈಟಿನಲ್ಲಿ ಡಾನಾಳ ಗಂಡ ನಾಯಿಗೆ ನೀರಿಡುವ ನೆವದಲ್ಲಿ ಬಗ್ಗಿದ್ದ; ಡಾನಾ ಕುರ್ಚಿಯನ್ನು ಸ್ವಲ್ಪ ಈ ಕಡೆಗೆ ತಿರುಗಿಸಿಕೊಂಡಿದ್ದಳು. “ಸರಿಯಲ್ಲ” ಎಂದಳು ರೊಶೆಲ್. “ಕೆಲಸಕ್ಕೆ ಹೋಗದೇ ಇರೋದು ಸರೀನಾ? ಅಪ್ಪನ್ನ ಬೇರೆಯವರ ಹೊಲಸು ಬಟ್ಟೆ ಜೊತೆ ಮಿಷಿನ್ ಪಕ್ಕ ಕೂರಿಸ್ಕೊಳ್ಳೋದು ಸರೀನಾ? ಅದನ್ನೂ ಮಾಡಿ ನೋಡಿದೀನಿ. ಓಡಿಸಿದ್ರು.”

“ನಾನು ನಿಯಮ ಹೇಳ್ತಿದೀನಿ ಅಷ್ಟೇ. ಇದು ಮನೆ ಅಲ್ಲ, ಪಾರ್ಕು.”

“ನಿಯಮ ಬೇರೆಯವರು ಹೇಳಲಿ ಮೇಡಂ. ನಿಮಗಾದ್ರೂ ಅರ್ಥ ಆಗ್ಬೇಕಿತ್ತು.” ಅವಳು ದನಿ ಏರಿಸಿರಲಿಲ್ಲ; ದಣಿದವರ ಮಾತು ತಾನಾಗಿ ಏರುವಷ್ಟು ಮಾತ್ರ ಏರಿತ್ತು. “ಚಳಿಗಾಲದಲ್ಲಿ ಎಲ್ಲಿಗೆ ಹೋಗ್ತೀರಿ ಅಂತ ನಿಮ್ಮ ಯಜಮಾನ್ರನ್ನ ಕೇಳಿದೆ. ಎಲ್ಲಿ ನಿಲ್ಲಕ್ಕೆ ಬಿಡ್ತಾರೋ ಅಲ್ಲಿಗೆ, ಮನೆ ಅಂತೂ ಹೋಯ್ತು ಅಂದ್ರು. ನೀವೂ ನಮ್ಮ ಹಾಗೇ ಅಲ್ವಾ. ಒಂದು ಅಂಗಿ ಕೊಟ್ಟಿದಾರೆ ಅಷ್ಟೇ.”

ಡಾನಾಳ ಗಂಡ ಬಗ್ಗಿದ್ದವನು ಎದ್ದು ನಿಂತ. ಕುರ್ಚಿ ಕಿರ್ರೆಂದಿತು. ಆರ್ಡಿತ್‌ಗೆ ಮೊದಲು ಅನಿಸಿದ್ದು ಬೆನ್ನಿನ ಮೇಲಿನ ಅಕ್ಷರಗಳು ಸುಡುತ್ತಿವೆ ಎಂದು. ಆಮೇಲೆ ಮರ್ಲ್. ಹೇಳಿದನಲ್ಲ. ತನ್ನ ಮಗಳಿಗೆ ಹೇಳದ್ದನ್ನು, ಹಾಸಿಗೆಯಲ್ಲಿ ತನ್ನ ಹತ್ತಿರವೂ ಬಾಯಿಬಿಟ್ಟು ಆಡದ್ದನ್ನು, ಮನೆ ಹೋಯ್ತು ಎಂಬ ಎರಡು ಮಾತನ್ನು, ಈ ಹೆಂಗಸಿನ ಮುಂದೆ ಗಾಡಿಯ ಚಕ್ರಕ್ಕೆ ಗಾಳಿ ತುಂಬುತ್ತಲೋ ಏನೋ ಆಡಿಬಿಟ್ಟನಲ್ಲ. ಎಷ್ಟು ಸುಲಭವಾಗಿ ಆಡಿರಬೇಕು. ಆಡಿ ಹಗುರಾಗಿರಬೇಕು. ಮೇಜಿನ ಮುಂದಿದ್ದ ಮುದುಕ ಅರ್ಧ ಎದ್ದು, “ಯಜಮಾನೀ, ಬಿಸಿಲಲ್ಲಿ ನಿಂತಿದೀರಲ್ಲ, ಬನ್ನಿ ಕೂತ್ಕೊಳ್ಳಿ” ಎಂದ. ಯಾರೋ ನಕ್ಕ ಹಾಗಾಯಿತು. ಯಾರೂ ನಕ್ಕಿರಲಿಲ್ಲವೇನೋ, ನಾಯಿ ಸೀನಿದ್ದೂ ಇರಬಹುದು.

“ರೇಂಜರ್ ಆಗಲ್ಲ ಅಂದಿದಾನೆ” ಎಂದಳು ಆರ್ಡಿತ್. “ಇವತ್ತೇ ಖಾಲಿ ಮಾಡ್ಬೇಕು.”

ತಾನು ಆಡಿದ ಮಾತು ಎಲ್ಲಿ ತಾಗಿತೆಂದು ಆ ಕ್ಷಣಕ್ಕೆ ರೊಶೆಲ್‌ಗೆ ಹೊಳೆದಿರಬೇಕು. “ಮೇಡಂ, ನಾನು ಬೇರೆ ಅರ್ಥದಲ್ಲಿ ಹೇಳಲಿಲ್ಲ” ಎಂದು ಒಂದು ಹೆಜ್ಜೆ ಮುಂದೆ ಬಂದಳು. ಆ ಹೆಜ್ಜೆಯೇ ಆರ್ಡಿತ್‌ಗೆ ಸಾಕಾಗಿತ್ತು. ಅಷ್ಟಕ್ಕೇ ಮನಸ್ಸು ಕರಗುವುದರಲ್ಲಿತ್ತು, ಇನ್ನೊಂದು ಮಾತು ಬಂದಿದ್ದರೆ ಸರಿ ಹೋಗಲಿ ಎಂದುಬಿಡುತ್ತಿದ್ದಳು. ಆದರೆ ಡಾನಾ ನೋಡುತ್ತಿದ್ದಳು. ಆರ್ಡಿತ್ ಬೆನ್ನು ತಿರುಗಿಸಿ ನಡೆದಳು. ನಡೆಯುವಾಗ ಕಾಲಿನ ಕೆಳಗೆ ಒಣ ಪೈನ್ ಎಲೆಗಳು ಜಾರುತ್ತಿದ್ದವು. ಬಿದ್ದರೆ ಇವರೆದುರಿಗೇ ಬೀಳಬೇಕಾಗುತ್ತದೆಂದು ಪಾದವನ್ನು ಒತ್ತಿ ಒತ್ತಿ ಇಟ್ಟಳು. ಕಚೇರಿಯ ಮುಂದೆ ಟ್ರೆಂಟ್ ಸಿಕ್ಕಿದ. ಬೇಡಪ್ಪ, ಕಷ್ಟ ಆಗತ್ತೆ, ಎಂದಳು. ಅವನು ತಲೆಯಾಡಿಸಿದ; ಅವನ ಮುಖದಲ್ಲಿ ಒಂದು ಸಣ್ಣ ನಿರಾಸೆ ಹಾದುಹೋಯಿತೋ, ಅಥವಾ ಅದು ಅವಳೇ ಅಲ್ಲಿಟ್ಟು ನೋಡಿದ್ದೋ. “ಸರಿ ಮೇಡಂ. ಹಾಗಾದ್ರೆ ಆ ತುರ್ತಿನ ಸೈಟನ್ನ ಬೇರೆಯೋರಿಗೆ ಕೊಡ್ತೀನಿ. ಒಂದೇ ಸೈಟು ಇಬ್ಬರಿಗೆ ಬುಕ್ ಆಗಿ ಒಂದು ಸಂಸಾರ ಪೇಚಾಡ್ತಿದೆ.”

ಅವರು ಟೆಂಟು ಬಿಚ್ಚುವುದನ್ನು ಅವಳು ಸೌದೆ ರಾಶಿಯ ಹಿಂದೆ ನಿಂತು ನೋಡಿದಳು. ಸೌದೆ ಜೋಡಿಸುವ ಕೆಲಸ ಅಲ್ಲಿ ಇದ್ದೇ ಇತ್ತು. ಮುದುಕನಿಗೆ ಹೊರಡುವುದು ಇಷ್ಟವಾಯಿತು, ಊರಿಗೆ ಹೊರಟೆವೆಂದುಕೊಂಡಿದ್ದ. ಟೆಂಟಿನ ಗೂಟಗಳನ್ನು ಒಂದೊಂದಾಗಿ ಕಿತ್ತು, ಮಣ್ಣು ಒರೆಸಿ, ಕತ್ತರಿ ಬಾಚಣಿಗೆಗಳನ್ನು ಜೋಡಿಸುವ ಹಾಗೆ ಮೇಜಿನ ಮೇಲೆ ಸಾಲಾಗಿಟ್ಟ. ರೊಶೆಲ್ ಹಾಸಿಗೆ, ತಟ್ಟೆ, ಔಷಧಿಯ ಚೀಲ, ಒಂದು ಮಡಚುವ ಶೌಚದ ಕುರ್ಚಿ ಎಲ್ಲವನ್ನೂ ಸಣ್ಣ ಗಾಡಿಗೆ ತುರುಕಿದಳು. ಕುರ್ಚಿ ಹಿಡಿಸಲಿಲ್ಲ, ಹೊರಗೆ ತೆಗೆದು ಮತ್ತೆ ಬೇರೆ ದಿಕ್ಕಿನಿಂದ ತುರುಕಿದಳು, ಆಗಲೂ ಹಿಡಿಸಲಿಲ್ಲ. ಇಡೀ ಪಾರ್ಕು ನೋಡುತ್ತಿತ್ತು, ಯಾರೂ ನೋಡುತ್ತಿಲ್ಲವೆಂಬಂತೆ. ಕೊನೆಗೆ ಮರ್ಲ್ ಎಲ್ಲಿಂದಲೋ ಬಂದ. ಕುರ್ಚಿಯನ್ನು ಗಾಡಿಯ ಮೇಲಿಟ್ಟು ತನ್ನ ಹಗ್ಗದಿಂದ ಬಿಗಿದ. ರೊಶೆಲ್ ಅವನಿಗೆ ಏನೋ ಹೇಳಿದಳು, ಅವನು ಏನೋ ಹೇಳಿದ. ಗಾಡಿ ಹೊರಟಾಗ ಹಾರ್ಲನ್ ಕಿಟಕಿಯಿಂದ ಎರಡೂ ಕಡೆಗೆ ಕೈಬೀಸಿದ. ಡಾನಾ ಕೂಡ ಕೈಬೀಸಿದಳು.

ಆಮೇಲೆ ಜಾಗ ಶುಚಿ ಮಾಡುವುದು ಆರ್ಡಿತ್‌ಳ ಕೆಲಸವೇ. ಟೆಂಟು ಇದ್ದ ಕಡೆ ಹುಲ್ಲು ಹಳದಿಯಾಗಿ ಮಲಗಿತ್ತು. ಬೆಂಚಿನ ಮೇಲೆ ನೀರು ಸುರಿದು ಉಜ್ಜಿದಳು. ಉಜ್ಜುವಂಥದ್ದೇನೂ ಇರಲಿಲ್ಲ, ದಿನಾ ಯಾರೋ ಉಜ್ಜಿ ಬಿಳಿಚಿಸಿದ್ದರು. ಹೊಸಬರು ಬಂದರು, ನಗುನಗುತ್ತ. ಹೆಂಡತಿಗೆ ನೆರಳು ಇಷ್ಟವಾಯಿತು, ಗಂಡನಿಗೆ ಮರಗಳ ಅಂತರ. ಉಯ್ಯಾಲೆ ಕಟ್ಟಲು ಹೇಳಿ ಮಾಡಿಸಿದ ಹಾಗಿದೆ ಎಂದ. ಅವಳ ಸ್ವಂತ ಕಿಟಕಿಯ ಪಕ್ಕದ ಜಾಗದಲ್ಲಿ ಇನ್ನೊಂದು ಸಂಸಾರ ಆಗಲೇ ಟೆಂಟು ಎಬ್ಬಿಸಿ, ಆಚೆ ಒಂದು ಗಾಳಿ ತುಂಬಿದ ಪುಟ್ಟ ರಬ್ಬರ್ ಈಜುಕೊಳಕ್ಕೆ ನೀರು ಬಿಡುತ್ತಿತ್ತು.

ಟ್ರೇಲರಿನಲ್ಲಿ ಮರ್ಲ್ ಡಬ್ಬಿಯ ಬೀನ್ಸ್ ಕಾಳನ್ನು ಬಿಸಿ ಮಾಡಿ ಎರಡು ತಟ್ಟೆಗೆ ಬಡಿಸಿದ್ದ. ತಲೆಯ ಮೇಲೆ ಅವನ ಕಾಲುಚೀಲಗಳು ನೇತಾಡುತ್ತಿದ್ದವು.

“ಏನ್ ಹೇಳಿದಳು ನಿನಗೆ?” ಎಂದಳು ಆರ್ಡಿತ್.

“ಯಾರು?”

“ಆಟ ಆಡ್ಬೇಡ ಮರ್ಲ್.”

“ಹಗ್ಗ ವಾಪಸ್ ಕೊಡಕ್ಕಾಗಲ್ವಲ್ಲ ಅಂದ್ಲು. ಇಟ್ಕೊಳಮ್ಮ ಅಂದೆ.” ಅವನು ಬ್ರೆಡ್ಡಿನಿಂದ ತಟ್ಟೆಯ ಅಂಚನ್ನು ಒರೆಸಿದ. ಎದೆಯ ಆಪರೇಷನ್ ಆದ ಮೇಲೆ ಅವನು ತಿನ್ನುವಾಗ ಉಸಿರು ಕೇಳಿಸುತ್ತಿತ್ತು.

“ನಾನೇನ್ ಮಾಡಕ್ಕಾಗತ್ತೆ. ರೇಂಜರ್ ಆಗಲ್ಲ ಅಂದ. ನಿಯಮ.”

ಮರ್ಲ್ ಬ್ರೆಡ್ಡು ಕೆಳಗಿಟ್ಟ. “ಆ ಹುಡುಗ ಬೆಳಗ್ಗೆ ನನ್ನೂ ಕೇಳ್ದ ಕಣೇ. ನಿಮ್ಮ ಮನೆಯವರ ಇಷ್ಟಕ್ಕೆ ಬಿಟ್ಟಿದೀನಿ ಅಂದ. ಹಾಗಾದ್ರೆ ಚಿಂತೆ ಇಲ್ಲ, ಅವಳು ಹೂಂ ಅಂತಾಳೆ ಅಂದೆ. ಆಯಮ್ಮ ಕೆಲಸದಿಂದ ಬರೋವಾಗ ಗೇಟಿನ ಹತ್ರ ಸಿಕ್ಕಿದ್ಲು, ಅವಳಿಗೂ ಹಾಗೇ ಹೇಳ್ಬಿಟ್ಟಿದ್ದೆ.”

ಅವನು ಜಗಳಕ್ಕೆ ಬಂದಿದ್ದರೆ ಅವಳ ಹತ್ತಿರ ಮಾತುಗಳಿದ್ದವು. ನೀನ್ಯಾಕೆ ಹೇಳಿದೆ, ನಮ್ಮ ಮನೆ ಹೋದದ್ದನ್ನು ಯಾರಿಗೆ ಕೇಳಿ ಹೇಳಿದೆ, ಎಂದು ಮಧ್ಯಾಹ್ನದಿಂದ ಹಲ್ಲಿನ ನಡುವೆ ಹಿಡಿದಿಟ್ಟುಕೊಂಡಿದ್ದಳು. ಅವನು ಜಗಳಕ್ಕೆ ಬರಲಿಲ್ಲ. ತನ್ನ ತಟ್ಟೆ ತೊಳೆದಿಟ್ಟು, ಅವಳ ತಟ್ಟೆಯ ಮೇಲೆ ನೊಣ ಕೂರದಿರಲೆಂದು ಇನ್ನೊಂದು ತಟ್ಟೆ ಕವುಚಿ, ಮಲಗಿಕೊಂಡ. ಆ ಕವುಚಿದ ತಟ್ಟೆಯನ್ನು ಅವಳಿಗೆ ನೋಡಲಾಗಲಿಲ್ಲ. ಗಾಡಿಯ ಕೀಲಿ ತೆಗೆದುಕೊಂಡು ಹೊರಬಿದ್ದಳು.

ಅಪ್ಪ ಮಗಳನ್ನು ಎಲ್ಲಿ ಹುಡುಕಬೇಕೆಂದು ಅವಳಿಗೆ ಯೋಚಿಸಬೇಕಾಗಲಿಲ್ಲ. ಹೆದ್ದಾರಿಯ ಪಕ್ಕದ ದೊಡ್ಡ ಅಂಗಡಿಯ ಹಿಂಬದಿಯ ಪಾರ್ಕಿಂಗ್ ಜಾಗ; ತಾವೂ ಮೊದಲ ವರ್ಷ, ಯಾವ ಪಾರ್ಕಿನವರೂ ಕರೆಯುವ ಮುಂಚೆ, ಅಂಥ ಜಾಗಗಳಲ್ಲೇ ನಿಲ್ಲಿಸುತ್ತಿದ್ದರು. ಅಲ್ಲಿ ಹೊಕ್ಕಾಗ ಅವಳು ಕನ್ನಡಿಗೆ ತಗುಲಿಸಿದ್ದ, ಪಾರ್ಕಿನವರು ಕೊಟ್ಟ ಹೋಸ್ಟ್ ಕಾರ್ಡನ್ನು ಕಿತ್ತು ಮುಂದಿನ ಖಾನೆಗೆ ಹಾಕಿದಳು, ಮೇಲೆ ಹಾಕಿದ್ದ ಹಸಿರು ಅಂಗಿಯನ್ನೂ ಬಿಚ್ಚಿ ಸೀಟಿನ ಮೇಲಿಟ್ಟಳು. ಗಾಡಿಯ ಮೇಲೆ ಕಟ್ಟಿದ್ದ ಶೌಚದ ಕುರ್ಚಿ ದೂರಕ್ಕೇ ಕಾಣುತ್ತಿತ್ತು. ಡಾಂಬರಿನಿಂದ ಇನ್ನೂ ಝಳ ಏಳುತ್ತಿತ್ತು. ಹಾರ್ಲನ್ ಒಬ್ಬನೇ ಮುಂದಿನ ಸೀಟಿನಲ್ಲಿದ್ದ, ಕಿಟಕಿ ನಾಲ್ಕು ಬೆರಳಿನಷ್ಟು ತೆರೆದಿತ್ತು, ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಅವಳು ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು. ಅವನಿಗೆ ಅವಳು ಯಾರೆಂದು ತಿಳಿಯಲಿಲ್ಲ. ಯಜಮಾನಿ ಎನ್ನಲಿಲ್ಲ, ಅಂಗಿ ಇರಲಿಲ್ಲವಲ್ಲ.

“ಕಾಯಿಸಿದ್ದಕ್ಕೆ ಬೇಜಾರಿಲ್ಲ ತಾನೇ?” ಎಂದ. “ಈಗ ನಿಮ್ದೇ ಸರದಿ.” ಕೈ ಚಾಚಿ ಅವಳ ಕತ್ತಿನ ಹಿಂದಿನ ಕೂದಲನ್ನು ಎರಡು ಬೆರಳ ನಡುವೆ ಹಿಡಿದು ಅಳೆದ. “ಯಾರು ಇದನ್ನ ಕತ್ತರಿಸಿದ್ದು?”

“ನನ್ನ ಗಂಡ.”

“ಪಾಪ” ಎಂದ ಮುದುಕ. ಗಂಡನಿಗೋ ಅವಳಿಗೋ. ಅವನ ಬೆರಳುಗಳು ತಣ್ಣಗಿದ್ದವು, ಆ ಸೆಕೆಯಲ್ಲೂ. ಅವಳ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದ. ಅವಳು ಬಗ್ಗಿದಳು. ಇಷ್ಟು ದಿನಗಳಲ್ಲಿ ಯಾರೂ ಅವಳ ತಲೆಯನ್ನು ಹೀಗೆ ಮುಟ್ಟಿರಲಿಲ್ಲ. ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ, ಕೂದಲನ್ನು ಎಡಕ್ಕೆ ಬಲಕ್ಕೆ ಬಾಚುವ ಆ ಬೆರಳುಗಳಿಗೆ ತಲೆ ಒಪ್ಪಿಸಿ ಕೂತವಳಿಗೆ, ಎಲ್ಲವೂ ಸರಿಹೋಗುತ್ತದೆ, ಈಗ ರೊಶೆಲ್ ಬರುತ್ತಾಳೆ, ತಾನು ಏನಾದರೂ ಹೇಳುತ್ತೇನೆ, ಸರಿಹೋಗುತ್ತದೆ ಎನಿಸತೊಡಗಿತು.

ರೊಶೆಲ್ ಬಂದಳು. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ದೊಡ್ಡವರ ಡಯಪರಿನ ಕಟ್ಟು. ತನ್ನ ಸೀಟಿನಲ್ಲಿ ಕೂತಿದ್ದವಳನ್ನು ಕಿಟಕಿಯಿಂದ ನೋಡಿದಳು. ಬೈಯಲಿಲ್ಲ.

“ನಮ್ಮ ಪಕ್ಕದಲ್ಲಿ ಒಂದು ಸೈಟಿದೆ” ಎಂದಳು ಆರ್ಡಿತ್. ಮಾತು ಬಾಯಿಂದ ಬಿದ್ದ ಮೇಲೆ ಅದು ಸುಳ್ಳೆಂದು ನೆನಪಾಯಿತು. ಇಲ್ಲ, ನೆನಪು ಮೊದಲೇ ಇತ್ತು. “ನಾನು ಆ ರೇಂಜರ್ ಹುಡುಗನ ಹತ್ರ ಮಾತಾಡ್ತೀನಿ. ಸೋಮವಾರದವರೆಗೆ.”

“ಈಗ ಖಾಲಿ ಇದೆಯಾ?”

ಪಾರ್ಕಿಂಗ್ ಜಾಗದ ಆ ತುದಿಯಲ್ಲಿ ಯಾರೋ ಅಂಗಡಿಯ ತಳ್ಳುಗಾಡಿಗಳನ್ನು ಒಂದರೊಳಗೊಂದು ಸೇರಿಸಿ ನೂಕುತ್ತಿದ್ದರು.

“ಇದೆಯಾ ಇಲ್ವಾ ಹೇಳಿ ಮೇಡಂ. ಇದ್ರೆ ಈಗ್ಲೇ ಬರ್ತೀನಿ. ಮಧ್ಯಾಹ್ನ ಆಡಿದ್ದಕ್ಕೆ ಎಲ್ಲರ ಮುಂದೆ ಬೇಕಾದ್ರೂ ತಪ್ಪಾಯ್ತು ಅಂತೀನಿ. ಆ ನಾಯಿಯೋರ ಮುಂದೇನೂ ಅಂತೀನಿ.”

“ಬೆಳಗ್ಗೆ ಇತ್ತು” ಎಂದಳು ಆರ್ಡಿತ್.

ರೊಶೆಲ್ ಡಯಪರಿನ ಕಟ್ಟನ್ನು ಗಾಡಿಯ ಮೇಲಿಟ್ಟು, ಖಾಲಿಯಾದ ಕೈಯಿಂದ ಹಣೆ ಒರೆಸಿಕೊಂಡಳು. “ಹಾಗಾದ್ರೆ ಬಂದಿದ್ದು ಯಾಕೆ?” ದಾರಿ ಕೇಳುವವರ ದನಿ, ನಿಜವಾಗಿಯೂ ತಿಳಿಯದೆ ಕೇಳಿದ್ದಳು.

“ಅವರೊಬ್ರೇ ಇದ್ರು. ಸೆಕೆ. ಅದಕ್ಕೆ ಜೊತೆಗೆ.”

“ಅಲ್ಲೂ ಒಬ್ರೇ ಇರ್ತಿದ್ರು. ದಿನಾ. ನಿಮ್ಮ ಕಣ್ಣೆದುರಿಗೆ.” ಅವಳು ಬಾಗಿಲು ತೆರೆದು ಹಿಡಿದಳು. “ಇಳೀರಿ ಮೇಡಂ. ಅಪ್ಪನ ಬಟ್ಟೆ ಬದಲಾಯಿಸ್ಬೇಕು. ನೀವಿದ್ರೆ ಅವರಿಗೆ ನಾಚಿಕೆ.”

“ಇನ್ನೂ ಮುಗಿದಿಲ್ಲಮ್ಮ ಇವರದು” ಎಂದ ಮುದುಕ. “ಹಿಂದುಗಡೆ ಪೂರ್ತಿ ಉಳಿದಿದೆ.”

ಆರ್ಡಿತ್ ಇಳಿದಳು. ತನ್ನ ಗಾಡಿಯವರೆಗೂ ಆ ಜಾಗದ ಬಿಳಿ ಗೆರೆಗಳನ್ನು ನೋಡುತ್ತ ನಡೆದಳು. ಹಿಂದೆ ರೊಶೆಲ್ ಕಿಟಕಿಗಳಿಗೆ ಟವೆಲ್ಲು ಸಿಕ್ಕಿಸುತ್ತಿದ್ದಳು, ಮರೆ ಮಾಡಲು; ತಿರುಗಿ ನೋಡದೆಯೂ ಅವಳಿಗೆ ಅದು ಕಾಣುತ್ತಿತ್ತು.

ಪಾರ್ಕಿನ ಬಾಗಿಲಿನಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಬೇಸಿಗೆಯ ಇಳಿಬಿಸಿಲು ಎಲ್ಲರ ಗಾಜಿನ ಮೇಲೂ ಹಳದಿಯಾಗಿ ಬಿದ್ದಿತ್ತು. ಟಿಕೀಟು ಗೂಡಿನಲ್ಲಿ ಅವಳು ಎಂದೂ ನೋಡಿರದ ಹುಡುಗಿಯಿದ್ದಳು, ಕಾಲೇಜಿನವಳಿರಬೇಕು, ಮೊದಲ ದಿನವಿರಬೇಕು; ಹಲ್ಲೆಲ್ಲ ಕಾಣುವಂತೆ ನಗುತ್ತ ಮುಂದಕ್ಕೆ ಬಾಗಿದಳು.

“ನಮಸ್ಕಾರ, ಹೆರನ್ ಸರೋವರಕ್ಕೆ ಸ್ವಾಗತ! ಕ್ಯಾಂಪಿಂಗಾ, ಇಲ್ಲಾ ಇವತ್ತಿನ ಮಟ್ಟಿ‌ಗಾ?”

“ನಾನು ಇಲ್ಲೇ ಇರೋದು” ಎಂದಳು ಆರ್ಡಿತ್.

“ಯಾವ ಸೈಟು ಮೇಡಂ? ಹೆಸರು ಹೇಳಿದ್ರೆ ನೋಡ್ತೀನಿ.”

“ಹಾಗಲ್ಲಮ್ಮ.” ಹೇಳಬೇಕಾದ ಮಾತು ಬೇರೆಯಿತ್ತು, ಎಷ್ಟೋ ಸಲ ಆಡಿ ಸವೆದ ಎರಡು ಪದ, ಬೆನ್ನ ಮೇಲೆ ಬರೆದದ್ದು, ಅದು ಬರಲಿಲ್ಲ. “ನನ್ನ ಮನೆ ಇಲ್ಲೇ. ಬೇರೆ ಮನೆ ಇಲ್ಲ. ನಾನು ವಾಸ ಮಾಡೋದು ಇಲ್ಲಿ.”

ಹುಡುಗಿಯ ನಗು ಹೋಗಲಿಲ್ಲ, ಆದರೆ ಅದರ ಹಿಂದೆ ಏನೋ ಎಚ್ಚರವಾಯಿತು. ಹಸಿರು ಅಂಗಿಯಿಲ್ಲದ, ಕೂದಲು ಕೆದರಿದ, ಹಳೇ ಗಾಡಿಯ ಮುದುಕಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬೆಳಗ್ಗೆಯಷ್ಟೇ ಕಲಿತದ್ದನ್ನು ತಪ್ಪಿಲ್ಲದೆ, ತುಂಬ ಮೃದುವಾಗಿ ಒಪ್ಪಿಸಿದಳು.

“ಇಲ್ಲಿ ಯಾರೂ ವಾಸ ಮಾಡೋ ಹಾಗಿಲ್ಲ ಮೇಡಂ. ಎರಡು ವಾರ ಅಷ್ಟೇ. ಇವತ್ತಂತೂ ಎಲ್ಲಾ ತುಂಬಿದೆ.” ಹಿಂದಿನ ಗಾಡಿ ಹಾರನ್ ಹೊಡೆಯಿತು. “ಸ್ವಲ್ಪ ಪಕ್ಕಕ್ಕೆ ನಿಲ್ಲಿಸ್ತೀರಾ? ರೇಂಜರ್‌ನ ಕರೆಸ್ತೀನಿ.”

ಆರ್ಡಿತ್ ಪಕ್ಕಕ್ಕೆ ನಿಲ್ಲಿಸಿದಳು. ಕಾರ್ಡು ಮುಂದಿನ ಖಾನೆಯಲ್ಲಿತ್ತು, ಕೈ ಚಾಚಿದರೆ ಸಿಗುತ್ತಿತ್ತು. ಅವಳು ಕೈ ಚಾಚಲಿಲ್ಲ. ಸೈಕಲ್ಲು, ದೋಣಿ, ಗಾಳಿ ತುಂಬಿದ ರಬ್ಬರ್ ಹಂಸಗಳನ್ನು ಹೊತ್ತ ಗಾಡಿಗಳು ಒಂದೊಂದಾಗಿ ಅವಳನ್ನು ದಾಟಿ ಒಳಗೆ ಹೋದವು. ಒಂದರ ಹಿಂದಿನ ಸೀಟಿನಲ್ಲಿದ್ದ ಪುಟ್ಟ ಹುಡುಗಿ ಗಾಜಿಗೆ ಮೂಗು ಒತ್ತಿ ಅವಳನ್ನು ನೋಡಿತು, ತಾಯಿ ಮೆಲ್ಲಗೆ ಅದರ ಮುಖವನ್ನು ಆ ಕಡೆಗೆ ತಿರುಗಿಸಿದಳು. ರಸ್ತೆಯ ತಿರುವಿನಲ್ಲಿ ಟ್ರೆಂಟ್‌ನ ಗಾಡಿ ಬರುತ್ತಿರುವುದು ಕಂಡಾಗ ಆರ್ಡಿತ್ ಅವಸರ ಅವಸರವಾಗಿ ಹಸಿರು ಅಂಗಿಯೊಳಗೆ ಕೈ ತೂರಿಸಿ, ಕಾರ್ಡನ್ನು ಹುಡುಕಿ ತೆಗೆದು ಕನ್ನಡಿಗೆ ನೇತುಹಾಕಿದಳು. ಗೂಡಿನ ಹುಡುಗಿ ಅದನ್ನು ಕಂಡು ನಾಚಿ ಬಾಯಿಗೆ ಕೈಯಿಟ್ಟುಕೊಂಡಳು. “ಅಯ್ಯೋ, ಸಾರಿ ಮೇಡಂ, ನೀವಾ! ನಾನು ಬೇರೆ ಯಾರೋ ಅಂದ್ಕೊಂಡೆ!”

“ಪರವಾಗಿಲ್ಲ” ಎಂದು ಆರ್ಡಿತ್ ನಕ್ಕಳು, ಒಳಗೆ ಹೋದಳು.